ಕೌದಿ ಸುತ್ತಿದ ಪಾತ್ರಿ: ಕ್ರಾಫ್ಟ್ ಬಿಯರ್ ರುಚಿ ನೋಡೂದು ಹ್ಯಾಂಗ, ಮನ್ಯಾಗ ಮಾಡೂದು ಹ್ಯಾಂಗ

ನಾ ಮೂರು ವರ್ಷ ಇಂಗ್ಲೆಂಡಿನ ಲೀಡ್ಸ್‌ನ್ಯಾಗ ನೌಕರಿ ಮಾಡಿದೆ. ಹೋಗೂಮುಂದ ಅವ್ವ ಹಳೇ ಇಳಕಲ್ ಸೀರಿ ಸೇರಿಸಿ ಹೊಲದಿದ್ದ ಒಂದ ಕೌದಿ ಬ್ಯಾಗಿನ್ಯಾಗ ತುರುಕಿ ಕೊಟ್ಟಿದ್ಲು. ಅದನ್ನ ನಾ ಹೊಚ್ಕೊಂಡದ್ದಕ್ಕಿಂತ 20 ಲೀಟರಿನ ಸ್ಟೀಲ್ ಪಾತ್ರಿಗೆ ಸುತ್ತಿದ್ದ ಹೆಚ್ಚು. ಪಾತ್ರಿ ಒಳಗ ಬಾರ್ಲಿ ಮಾಲ್ಟಿನ (ಮೊಳಕಿ ಬರಿಸಿ ಒಣಗಿಸಿದ ಕಾಳಿನ) ನುಚ್ಚು, 67 ಡಿಗ್ರಿ ಬಿಸಿ ನೀರು, ಒಂದ ತಾಸು ಆ ಬಿಸಿ ಇಳೀಬಾರದು, ಅದಕ್ಕ ಕೌದಿ. ರೂಮಿನ್ಯಾಗ ಬಾಗಲಕೋಟಿ ಕಡೆ ದೋಸ್ತ ಒಬ್ಬ ಇದ್ದ, ಇಬ್ರೂ ಸೇರಿ ಆ ಮೂರು ವರ್ಷದಾಗ ಸುಮಾರು ಬ್ಯಾಚ್ ಮಾಡಿದ್ವಿ, ಕೆಟ್ಟದ್ದೂ ಐತಿ, ಚಲೋ ಬಂದದ್ದೂ ಐತಿ. ಈಗ ಬೆಳಗಾವಿಗೆ ವಾಪಸ್ ಬಂದ ಮ್ಯಾಲ ಸಿಕ್ಕವರೆಲ್ಲಾ ಕೇಳ್ತಾರ, ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಯವ್ರು ಸಣ್ಣ ಸಣ್ಣ ಬ್ಯಾಚಿನ್ಯಾಗ ಮಾಡೂ ಬಿಯರ್) ಹ್ಯಾಂಗ ಇರ್ತೈತಿ, ಮನ್ಯಾಗ ಹ್ಯಾಂಗ ಮಾಡ್ತಾರ, ಅದರಾಗೂ ಹೊರದೇಶಕ್ಕ ಓದಾಕ ಹೋಗೂ ಹುಡುಗರು ಭಾಳ ಕೇಳ್ತಾರ. ಅದಕ್ಕ ಒಂದ ಸಲ ಕೂತು ಪೂರ್ತಿ ಬರದ ಬಿಡೂಣು ಅಂತ.

ನಾ ಕಲಿತದ್ದು ಒಂದ ಮಾತಿನ್ಯಾಗ ಹೇಳಬೇಕಂದ್ರ, ಬಿಯರ್ ನಾವು ಮಾಡಂಗಿಲ್ಲ, ಹೆಪ್ಪು ಮಾಡ್ತೈತಿ, ಬಿಯರಿನ ಹೆಪ್ಪಿಗೆ ಈಸ್ಟ್ ಅಂತಾರ. ಮೊಸರಿಗೆ ಹೆಪ್ಪು ಹಾಕಿದ ಮ್ಯಾಲ ನಮ್ಮ ಕೆಲಸ ಏನು, ಪಾತ್ರಿ ಸ್ವಚ್ಛ ಇಡೂದು, ಬಿಸಿ ಸರಿ ಇಡೂದು, ಅಲುಗಾಡಿಸದ ಬಿಡೂದು. ಇಲ್ಲೂ ಅಷ್ಟ. ಬ್ಯಾರೆ ಎಲ್ಲಾ ಆಮ್ಯಾಲಿನ ಮಾತು.

ಮೊದ್ಲ ಕಾಯ್ದೆ ವಿಷ್ಯ

ಇದನ್ನ ಯಾರೂ ಹಾರಿಸಿ ಓದಬ್ಯಾಡ್ರಿ. ನಮ್ಮ ರಾಜ್ಯದಾಗ ಕರ್ನಾಟಕ ಅಬಕಾರಿ ಕಾಯ್ದೆ 1965 ಪ್ರಕಾರ ಲೈಸೆನ್ಸ್ ಇಲ್ದ ಮದ್ಯ ತಯಾರ ಮಾಡೂದು ಅಪರಾಧ, ಮನ್ಯಾಗ ನಾವಷ್ಟ ಕುಡಿಯಾಕ, ಮಾರಂಗಿಲ್ಲ ಅಂದ್ರೂ ಅಪರಾಧನ. ಹಂಗಾಗಿ ಕೆಳಗ ನಾ ಬರಿಯೂ ಬಿಯರ್ ಕುದಿಸೂ ಭಾಗ ಅದಕ್ಕ ಪರವಾನಗಿ ಇರೂ ದೇಶದಾಗ ಇರೂ ನಮ್ಮ ಮಂದಿಗೆ. ಇಂಗ್ಲೆಂಡಿನ್ಯಾಗ 1963 ರಿಂದ ಮನಿ ಬಳಕಿಗೆ ಬಿಯರ್ ಮಾಡಾಕ ಲೈಸೆನ್ಸ್ ಬೇಕಿಲ್ಲ, ಮಾರುವಂಗಿಲ್ಲ ಅಷ್ಟ. ಅಮೆರಿಕಾದಾಗ 1978 ರಾಗ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಹೋಮ್ ಬ್ರೂಯಿಂಗ್ ಕಾಯ್ದೆಬದ್ಧ ಆತು, ಒಬ್ರ ಇರೂ ಮನಿಗೆ ವರ್ಷಕ್ಕ 100 ಗ್ಯಾಲನ್, ಇಬ್ರು ವಯಸ್ಕರು ಇದ್ರ 200 ಗ್ಯಾಲನ್, ಆದ್ರ ಅಲ್ಲಿ ರಾಜ್ಯದ ಕಾಯ್ದೆ, ವಯಸ್ಸಿನ ಮಿತಿ ಎಲ್ಲಾ ಬ್ಯಾರೆ ನೋಡ್ಕೋಬೇಕು. ನಮ್ಮ ಊರಾಗ ಇರೂವ್ರು ಏನ್ ಮಾಡಬಹುದು ಅಂದ್ರ, ರುಚಿ ನೋಡೂದು ಕಲೀಬಹುದು, ಮಾಲ್ಟ್ ಮಾಡೂದು ಕಲೀಬಹುದು, ಮದ್ಯ ಇಲ್ಲದ ಹಾಪ್ಸ್ (ಬಿಯರಿಗೆ ಕಹಿ, ವಾಸನಿ ಕೊಡೂ ಹೂವು) ಸೋಡಾ ಮಾಡಬಹುದು, ಅದನ್ನೂ ಕಡೀಕ ಬರದೀನಿ.

ಇನ್ನೊಂದು, ಬೆಳಗಾವಿಯವ್ರಿಗೆ ಗೋವಾ ಹತ್ರ. ಚೋರ್ಲಾ ಘಾಟ್ ಇಳದ್ರ ಅಲ್ಲಿ ತರಾವರಿ ಕ್ರಾಫ್ಟ್ ಬಿಯರ್ ಸಿಗ್ತಾವ, ಅಲ್ಲೇ ಕುಡೀರಿ, ಅಲ್ಲೇ ಉಳೀರಿ. ಪರ್ಮಿಟ್ ಇಲ್ದ ಕಾರಿನ ಡಿಕ್ಕಿಯೊಳಗ ತುಂಬ್ಕೊಂಡು ಬರಬ್ಯಾಡ್ರಿ, ಮತ್ತ ಕುಡದು ಘಾಟ್ ಹತ್ತಬ್ಯಾಡ್ರಿ, ಆ ತಿರುವು ಹಗಲಿನ್ಯಾಗ ನೆಟ್ಟಗ ಇದ್ದಾಗನ ಕಷ್ಟ ಐತಿ. 21 ತುಂಬದ ಹುಡುಗರಿಗೆ ಈ ಲೇಖನದಾಗ ಕಡೀ ಭಾಗ ಅಷ್ಟ.

ರುಚಿ ನೋಡೂದು

ನಮ್ಮ ಕಡೆ ಬಿಯರ್ ಅಂದ್ರ ಎರಡ ಪ್ರಶ್ನಿ, ಸ್ಟ್ರಾಂಗ್ ಐತೇನು, ಚಿಲ್ಡ್ ಐತೇನು. ಇದು ಮಂದಿ ತಪ್ಪಲ್ಲ, ಅಂಗಡ್ಯಾಗ ಹಂತಾದ್ದ ಸಿಗ್ತಿತ್ತು, 7-8 ಪರ್ಸೆಂಟ್ ಆಲ್ಕೋಹಾಲಿನ ಸ್ಟ್ರಾಂಗ್ ಲಾಗರ್ (ತಂಪಿನ್ಯಾಗ ಹುದುಗಿಸಿದ ಬಿಯರ್), ಅದು ಐಸಿನಂಗ ಇದ್ರಷ್ಟ ಗಂಟಲದಾಗ ಇಳೀತೈತಿ. ನಮ್ಮ ದೇಶದಾಗ ಸ್ಥಳದಾಗನ ತಯಾರಿಸಿ ಸ್ಥಳದಾಗನ ಕೊಡೂ ಮೈಕ್ರೋಬ್ರೂವರಿಗಳು ಬಂದು ಇನ್ನೂ ಇಪ್ಪತ್ತು ವರ್ಷ ಆಗಿಲ್ಲ, ಪುಣೆಯ ಡೂಲಾಲಿ 2009 ರಾಗ, ಬೆಂಗಳೂರಿನ ಟಾಯ್ಟ್ 2010 ರಾಗ ಶುರು ಆದ್ವು. ಬೆಳಗಾವಿಯಿಂದ ಪುಣೆ ಒಂದ ಹಗಲಿನ ದಾರಿ, ನನ್ನ ಮೊದಲನೇ ಗೋಧಿ ಬಿಯರ್ ನಾ ಕುಡದದ್ದೂ ಪುಣೆದಾಗನ, ಅವತ್ತು ಇದರಾಗ ಬಾಳಿಹಣ್ಣು ಯಾಕ ಹಾಕ್ಯಾರ ಅಂತ ವೇಟರ್‌ಗೆ ಕೇಳಿದ್ದೆ. ಏನೂ ಹಾಕಿರಂಗಿಲ್ಲ ಸರ್, ಅದು ಈಸ್ಟಿನ ವಾಸನಿ ಅಂದ. ಹೆಫೆವೈಟ್ಸನ್ ಅನ್ನೂ ಜರ್ಮನ್ ಗೋಧಿ ಬಿಯರಿನ ಈಸ್ಟ್ ಬಾಳಿಹಣ್ಣು, ಲವಂಗದ ವಾಸನಿ ತಾನ ಹುಟ್ಟಸ್ತೈತಿ. ಆ ಒಂದ ಮಾತಿನಿಂದ ನನಗ ಇದರ ಹುಚ್ಚು ಹಿಡೀತು.

ಗ್ಲಾಸಿನಿಂದ ಶುರು ಮಾಡ್ರಿ. ಬಾಟ್ಲಿ ಬಾಯಿಗೆ ಇಟ್ಟು ಕುಡದ್ರ ಅರ್ಧ ರುಚಿ ಹೋದಂಗ, ಯಾಕಂದ್ರ ರುಚಿ ಅನ್ನೂದು ಬಹಳಷ್ಟು ಮೂಗಿನ ಕೆಲಸ. ಗ್ಲಾಸಿಗೆ ಸಾಬೂನು, ಎಣ್ಣಿ ಜಿಡ್ಡು ಇರಬಾರದು, ಇದ್ರ ನೊರೆ ನಿಂದ್ರಂಗಿಲ್ಲ. ಗ್ಲಾಸು ಓರಿ ಹಿಡದು ಅರ್ಧ ಸುರೀರಿ, ಆಮ್ಯಾಲ ನೆಟ್ಟಗ ಹಿಡದು ನಡುವ ಸುರೀರಿ, ಎರಡ ಬೆಳ್ಳಷ್ಟು ನೊರೆ ಬರಲಿ. ನೊರೆ ಬಂದ್ರ ಮೋಸ ಆತು ಅಂತ ನಮ್ಮ ಮಂದಿ ಸಿಟ್ಟಿಗೇಳ್ತಾರ, ಹಂಗಲ್ಲ, ಹಾಪ್ಸಿನ ವಾಸನಿ ಆ ನೊರೆಯೊಳಗ ಕೂತಿರ್ತೈತಿ.

ತಂಪು ಎಷ್ಟಿರಬೇಕು ಅನ್ನೂದು ಭಾಳ ಮುಖ್ಯ. ಹಗುರ ಲಾಗರ್ 4-7 ಡಿಗ್ರಿ ನಡೀತೈತಿ. ಗೋಧಿ ಬಿಯರ್ 6-8. ಪೇಲ್ ಏಲ್ (ತೆಳು ಬಣ್ಣದ ಬಿಯರ್), ಐಪಿಎ (ಹಾಪ್ಸ್ ಹೆಚ್ಚು ಹಾಕಿದ ಕಹಿ ಏಲ್) 7-10. ಸ್ಟೌಟ್ ಅನ್ನೂ ಕರೀ ಬಿಯರ್ 10-13, ಅಂದ್ರ ಫ್ರಿಜ್‌ನಿಂದ ತಗದು 15-20 ನಿಮಿಷ ಹೊರಗ ಇಟ್ಟು ಕುಡೀಬೇಕು. ನಂಬಿಕಿ ಬರಲಿಲ್ಲಂದ್ರ ಒಂದ ಸ್ಟೌಟ್ ತಗೊಂಡು ಅರ್ಧ ತಾಸು ಹಚ್ಚಿ ಕುಡೀರಿ, ಮೊದಲನೇ ಗುಟಕಿನ್ಯಾಗ ಬರೇ ಕಹಿ ಇದ್ದದ್ದು ಕಡೀ ಗುಟಕಿನ್ಯಾಗ ಕಾಫಿ, ಚಾಕಲೇಟ್ ಆಗಿರ್ತೈತಿ.

ನಾಕೈದು ಥರ ನೋಡೂದಿದ್ರ ಸಣ್ಣ ಗ್ಲಾಸಿನ್ಯಾಗ ತಗೋರಿ, ಹಗುರದಿಂದ ಭಾರಕ್ಕ ಹೋಗ್ರಿ, ನಡುನಡುವ ನೀರು ಕುಡೀರಿ. ಐಪಿಎ ಮೊದ್ಲ ಕುಡದು ಆಮ್ಯಾಲ ಲಾಗರ್ ಕುಡದ್ರ ಲಾಗರ್ ನೀರು ಅನಸ್ತೈತಿ, ಅದು ಲಾಗರಿನ ತಪ್ಪಲ್ಲ. ಒಂದ ವಹಿ ಇಟಗೊಂಡು ನಿಮ್ಮ ಮಾತಿನ್ಯಾಗ ಬರೀರಿ. ಇಂಗ್ಲಿಷ್ ಪುಸ್ತಕದಾಗ ಟಾಫಿ, ಬಿಸ್ಕಿಟ್, ಪೈನ್ ಮರ ಅಂತೆಲ್ಲಾ ಇರ್ತೈತಿ, ನಾ ಪೈನ್ ಮರ ಎಲ್ಲಿ ಮೂಸಿ ನೋಡಿದೆ? ನನ್ನ ವಹಿಯೊಳಗ ಒಂದ ಕೆಂಪು ಏಲ್ ಮುಂದ "ಕುಂದಾ, ತಳ ಹಿಡಿಯೂ ಮುಂಚಿಂದು" ಅಂತ ಐತಿ. ನಮ್ಮ ಬೆಳಗಾವಿ ಕುಂದಾಕ್ಕ ಹಾಲು ಸಕ್ರಿ ಕಾಸಿ ಕಾಸಿ ಕಂದು ಬಣ್ಣ ತರ್ತಾರಲ್ಲ, ಮಾಲ್ಟ್ ಹುರಿಯೂಮುಂದ ಆಗೂದೂ ಅದ ರಾಸಾಯನಿಕ ಕ್ರಿಯೆ, ಹಂಗಾಗಿ ಆ ಮಾತು ಸುಮ್ನ ಹೋಲಿಕಿ ಅಲ್ಲ, ಖರೇನ ಅದ ರುಚಿ.

ತಿನ್ನಾಕ ಏನು? ಮಿರ್ಚಿ ಭಜಿ ಜೋಡಿ ಐಪಿಎ ಬ್ಯಾಡ, ಹಾಪ್ಸಿನ ಕಹಿ ಖಾರ ಇನ್ನೂ ಏರಸ್ತೈತಿ, ಅದಕ್ಕ ಗೋಧಿ ಬಿಯರ್ ಸರಿ. ಮಟನ್ ಸುಕ್ಕಾಕ್ಕ ಪೇಲ್ ಏಲ್. ಸ್ಟೌಟಿಗೆ ಅಮೀನಗಡ ಕರದಂಟು, ಬೆಲ್ಲ, ಅಂಟು, ಒಣಕೊಬ್ರಿ ಎಲ್ಲಾ ಆ ಹುರದ ರುಚಿಗೆ ಎಷ್ಟ ಚಂದ ಕೂಡ್ತಾವ ಅಂದ್ರ ಇದನ್ನ ಲೀಡ್ಸ್‌ನ್ಯಾಗ ಆಫೀಸಿನವ್ರಿಗೆ ಕೊಟ್ಟಾಗ ಒಂದ ಡಬ್ಬಿ ಕರದಂಟು ಹತ್ತ ನಿಮಿಷದಾಗ ಖಾಲಿ ಆತು.

ಬಿಯರ್ ಒಳಗ ಏನೇನಿರ್ತೈತಿ

ನಾಕ ವಸ್ತು. ನೀರು, ಮಾಲ್ಟ್, ಹಾಪ್ಸ್, ಈಸ್ಟ್. ಜರ್ಮನಿಯ ಬವೇರಿಯಾದಾಗ 1516 ರಾಗ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬ್ಯಾರೆ ಹಾಕಬಾರದು ಅಂತ ಕಾನೂನು ಮಾಡಿದ್ರು, ಅದರಾಗ ಈಸ್ಟಿನ ಹೆಸರಿಲ್ಲ, ಯಾಕಂದ್ರ ಅದೊಂದು ಜೀವ ಅಂತ ಅವರಿಗೆ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಬಿಯರ್ ಯಾಕ ಕೆಡ್ತೈತಿ ಅಂತ ಪುಸ್ತಕ ಬರದದ್ದು 1876, ಕಾರ್ಲ್ಸ್‌ಬರ್ಗ್ ಪ್ರಯೋಗಶಾಲಿಯೊಳಗ ಹಾನ್ಸೆನ್ ಅನ್ನಾಂವ ಶುದ್ಧ ಈಸ್ಟ್ ಬ್ಯಾರೆ ಮಾಡಿ ಬೆಳಸಿದ್ದು 1883. ಅಲ್ಲೀತನಕ ಮಂದಿ ನಮ್ಮ ಅಜ್ಜಿಯರು ಹೆಪ್ಪು ಎತ್ತಿಡೂವಂಗ ಹಳೇ ಬ್ಯಾಚಿನ ತಳದ ಗಸಿ ಎತ್ತಿಟ್ಟು ಹೊಸಾದಕ್ಕ ಹಾಕ್ತಿದ್ರು.

ಮಾಲ್ಟ್ ಅಂದ್ರ ಮೊಳಕಿ ಬರಿಸಿ ಒಣಗಿಸಿದ ಕಾಳು. ಮೊಳಕಿ ಬರೂಮುಂದ ಕಾಳಿನ್ಯಾಗ ಪಿಷ್ಟ ಒಡೆಯೂ ಕಿಣ್ವ ಹುಟ್ಟತಾವ, ಆ ಕಿಣ್ವ ಬಿಸಿ ನೀರಾಗ ಪಿಷ್ಟಾನ ಸಕ್ರಿ ಮಾಡ್ತಾವ, ಆ ಸಕ್ರಿನ ಈಸ್ಟ್ ತಿಂತೈತಿ. ಇದನ್ನ ಬೆಳಗಾವಿ ಮನ್ಯಾಗ ಮಾಡಿ ನೋಡಾಕ ಏನೂ ಅಡ್ಡಿ ಇಲ್ಲ. ಕಿರಾಣಿ ಅಂಗಡಿಯ ಬಿಳೀ ಬಾರ್ಲಿ ಮೊಳಕಿ ಬರಂಗಿಲ್ಲ, ಅದರ ಸಿಪ್ಪಿ ಉಜ್ಜಿ ತಗದಿರ್ತಾರ. ಸಿಪ್ಪಿ ಇರೂ ಬಾರ್ಲಿ (ಜವೆಗೋಧಿ) ಬೇಕು, ಮತ್ತ ಬಿತ್ತನಿ ಬೀಜ ಅಂತೂ ಬ್ಯಾಡ, ಅದಕ್ಕ ವಿಷದ ಪೌಡರ್ ಹಚ್ಚಿರ್ತಾರ. ಅರ್ಧ ಕಿಲೋ ತೊಳದು 8 ತಾಸು ನೆನಿ ಇಡ್ರಿ, ನೀರು ಬಸದು 8 ತಾಸು ಗಾಳಿಗೆ ಬಿಡ್ರಿ, ಮತ್ತೊಮ್ಮೆ ನೆನಿ ಇಡ್ರಿ, ಆಮ್ಯಾಲ ಒದ್ದಿ ಅರಬಿಯೊಳಗ ನೆರಳಿನ್ಯಾಗ ಮೂರನಾಕ ದಿನ, ದಿನಕ್ಕ ಎರಡ ಸಲ ಕೈಯಾಡಿಸಿ ನೀರು ಚಿಮುಕಿಸ್ರಿ. ಸಿಪ್ಪಿ ಒಳಗ ಮೊಳಕಿ ಕಾಳಿನ ಮುಕ್ಕಾಲು ಉದ್ದ ಬಂದ್ರ ಸಾಕು. ಮಾಳಗಿ ಮ್ಯಾಲ ಒಣಗಿಸಿ, ಬೇರು ತಿಕ್ಕಿ ಉದುರಿಸ್ರಿ. ಒಂದ ಕಾಳು ಹಲ್ಲಿನ್ಯಾಗ ಕಡದು ನೋಡ್ರಿ, ಸಿಹಿ ಬಂದಿರ್ತೈತಿ. ಅರ್ಧ ಪಾಲು ಹಂಚಿನ ಮ್ಯಾಲ ಕಂದು ಹುರದು ಎರಡನ್ನೂ ಬ್ಯಾರೆ ಬ್ಯಾರೆ ಚಹಾದಂಗ ಕುದಿಸಿ ಕುಡದ್ರ ಪೇಲ್ ಏಲಿಗೂ ಸ್ಟೌಟಿಗೂ ಫರಕು ಎಲ್ಲಿಂದ ಬರ್ತೈತಿ ಅಂತ ನಾಲಗಿಗೆ ತಿಳೀತೈತಿ.

ಜ್ವಾಳದಿಂದ ಬಿಯರ್ ಆಗಂಗಿಲ್ಲೇನು ಅಂತ ನಮ್ಮ ಕಡೆಯವ್ರು ಕೇಳೇ ಕೇಳ್ತಾರ. ಆಗ್ತೈತಿ, ಆಫ್ರಿಕಾದಾಗ ಭಾಳ ಕಡೆ ಜ್ವಾಳದ್ದ ಬಿಯರ್, ದಕ್ಷಿಣ ಆಫ್ರಿಕಾದ ಉಮ್ಕೊಂಬೋತಿಗೆ ಗೋವಿನಜ್ವಾಳ, ಜ್ವಾಳ ಎರಡೂ ಹಾಕ್ತಾರ. ಆದ್ರ ಜ್ವಾಳದ ಪಿಷ್ಟ ಬೇಯಾಕ ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು, 70 ಡಿಗ್ರಿ ದಾಟಬೇಕು, ಅಷ್ಟ ಬಿಸಿಗೆ ಸಕ್ರಿ ಮಾಡೂ ಕಿಣ್ವ ಸಾಯ್ತಾವ, ಅದ ತೊಡಕು. ಇನ್ನೊಂದು ಎಚ್ಚರಿಕಿ, ಜ್ವಾಳದ ಮೊಳಕಿ, ಬೇರಿನ್ಯಾಗ ಸೈನೈಡ್ ಬಿಡೂ ವಸ್ತು ಇರ್ತೈತಿ, ಎಳೇ ಜ್ವಾಳದ ಬೆಳಿ ತಿಂದು ದನ ಸಾಯೂದು ಇದಕ್ಕನ. ಜ್ವಾಳ ಮಾಲ್ಟ್ ಮಾಡಿದ್ರ ಒಣಗಿಸಿ ಮೊಳಕಿ, ಬೇರು ಪೂರ್ತಿ ತಗೀಬೇಕು.

ಹಾಪ್ಸ್ ಒಂದ ಬಳ್ಳಿ ಹೂವು. ಕಹಿ ಕೊಡ್ತೈತಿ, ವಾಸನಿ ಕೊಡ್ತೈತಿ, ಬಿಯರ್ ಲಗೂನ ಕೆಡದಂಗ ಕಾಯ್ತೈತಿ. ನಮ್ಮ ದೇಶದಾಗ ಹಿಮಾಚಲದ ಲಾಹೌಲ್ ಕಣಿವ್ಯಾಗ ಬೆಳೀತಾರ. ಮನ್ಯಾಗ ನಾಯಿ ಇದ್ರ, ಮುಧೋಳ ನಾಯಿ ಇರಲಿ ಬ್ಯಾರೆ ಇರಲಿ, ಹಾಪ್ಸ್ ಅದರ ಬಾಯಿಗೆ ಸಿಗಬಾರದು, ಕುದಿಸಿ ಚೆಲ್ಲಿದ ಗಸಿ ಸುದ್ದಾ ಸಿಗಬಾರದು, ನಾಯಿಗಳಿಗೆ ಅದು ವಿಷ, ಮೈ ಜ್ವರ ಏರಿ ಸಾಯಬಹುದು.

ಕುದಿಸೂ ದಿನ, 10 ಲೀಟರ್ ಪೇಲ್ ಏಲ್

ಮೊದಲನೇ ಸಲ ಸ್ಟೌಟ್ ಬ್ಯಾಡ, ಹಣ್ಣು ಹಾಕಿದ್ದು ಬ್ಯಾಡ. ಸಾದಾ ಪೇಲ್ ಏಲ್ ಮಾಡ್ರಿ, ತಪ್ಪು ಆದ್ರ ಎಲ್ಲಿ ಆತು ಅಂತ ತಿಳೀತೈತಿ. ಬೇಕಾಗೂದು: ಪೇಲ್ ಮಾಲ್ಟ್ 2.2 ಕಿಲೋ, ಕ್ರಿಸ್ಟಲ್ ಮಾಲ್ಟ್ (ಬಣ್ಣ, ಸಿಹಿ ಕೊಡೂ ಮಾಲ್ಟ್) 150 ಗ್ರಾಂ, ಕ್ಯಾಸ್ಕೇಡ್ ಅನ್ನೂ ಜಾತಿಯ ಹಾಪ್ಸ್ 40 ಗ್ರಾಂ, ಏಲ್ ಈಸ್ಟಿನ ಒಂದ ಪಾಕೀಟು. ಸಾಮಾನು ಅಂದ್ರ 20 ಲೀಟರ್ ಪಾತ್ರಿ, ಅದರೊಳಗ ಕೂಡೂವಷ್ಟ ದೊಡ್ಡ ಜಾಳಗಿ ಚೀಲ, ಥರ್ಮಾಮೀಟರ್, ಹೈಡ್ರೋಮೀಟರ್ (ರಸದಾಗ ಸಕ್ರಿ ಎಷ್ಟೈತಿ ಅಂತ ಅಳಿಯೂ ಸಾಧನ), ಮುಚ್ಚಳ, ನಳ ಇರೂ ಪ್ಲಾಸ್ಟಿಕ್ ಬಕೀಟು ಮತ್ತ ಅದಕ್ಕ ಏರ್‌ಲಾಕ್ (ಗ್ಯಾಸ್ ಹೊರಗ ಬಿಟ್ಟು ಗಾಳಿ ಒಳಗ ಬಿಡದ ಸಣ್ಣ ನಳಿಗಿ). ಮಾಲ್ಟನ್ನ ಅಂಗಡಿಯವ್ರ ಒಡದು ಕೊಡ್ತಾರ. ಹಿಟ್ಟು ಆಗಬಾರದು, ನುಚ್ಚು ಆಗಬೇಕು, ನಮ್ಮ ಗಿರಣಿಯೊಳಗ ಜ್ವಾಳದ ನುಚ್ಚು ಒಡಸ್ತೀವಲ್ಲ ಅಷ್ಟ ದಪ್ಪ, ಹೊಟ್ಟು ಇಡಿಯಾಗಿ ಉಳೀಬೇಕು, ಇಲ್ಲಂದ್ರ ಸೋಸೂಮುಂದ ಅಂಬಲಿ ಆಗಿ ಕೂಡತೈತಿ.

ನಳದ ನೀರು ಇದ್ರ ಹಿಂದಿನ ರಾತ್ರಿ ತುಂಬಿ ತೆರದಿಡ್ರಿ, ಕ್ಲೋರಿನ್ ಹಾರಿ ಹೋಗಲಿ. ಕೆಲವು ಊರಾಗ ಕ್ಲೋರಮಿನ್ ಹಾಕ್ತಾರ, ಅದು ಹಾರಂಗಿಲ್ಲ, ಅದಕ್ಕ ಹೋಮ್‌ಬ್ರೂ ಅಂಗಡಿಯೊಳಗ ಕ್ಯಾಂಪ್ಡನ್ ಗುಳಿಗಿ ಅಂತ ಸಿಗ್ತೈತಿ, 10-15 ಲೀಟರಿಗೆ ಕಾಲು ಗುಳಿಗಿ ಸಾಕು. ಕ್ಲೋರಿನ್ ತಗೀದ ಬಿಟ್ರ ಬಿಯರ್ ಆಸ್ಪತ್ರಿ ವಾಸನಿ ಬರ್ತೈತಿ.

15 ರಿಂದ 16 ಲೀಟರ್ ನೀರು 70 ಡಿಗ್ರಿಗೆ ಕಾಸ್ರಿ, ಒಲಿ ಆರಿಸ್ರಿ, ಚೀಲ ಇಳಿಸಿ ಮಾಲ್ಟ್ ಸುರದು ಗಂಟು ಇಲ್ಲದಂಗ ತಿರುವ್ರಿ, ಉಪ್ಪಿಟ್ಟಿಗೆ ರವಾ ಹಾಕಿ ತಿರುವಿದಂಗ. ಈಗ ಬಿಸಿ 66-67 ಕ್ಕ ಬಂದು ನಿಂತಿರ್ತೈತಿ. ಮುಚ್ಚಳ ಹಾಕಿ, ಪಾತ್ರಿ ಒಲಿಯಿಂದ ಇಳಿಸಿ ಕೌದಿ ಸುತ್ರಿ, ಕೌದಿ ಇಲ್ಲಂದ್ರ ಕಂಬಳಿ, ಹಳೇ ಜಾಕೀಟು ಏನಾದ್ರೂ. ಒಂದ ತಾಸು ಮುಟ್ಟಬ್ಯಾಡ್ರಿ. 63-64 ಕ್ಕ ಇಳದ್ರ ಬಿಯರ್ ತೆಳ್ಳಗ, ಒಣಾ ಒಣಾ ಆಗ್ತೈತಿ, 70 ದಾಟಿದ್ರ ಈಸ್ಟಿಗೆ ತಿನ್ನಾಕ ಬರದಂಥ ಸಕ್ರಿ ಹೆಚ್ಚಾಗಿ ದಪ್ಪ, ಸಿಹಿ ಆಗ್ತೈತಿ. ಒಂದ ತಾಸಿನ ಮ್ಯಾಲ ಒಂದ ಚಮಚಾ ರಸ ಬಿಳೀ ತಾಟಿನ್ಯಾಗ ಹಾಕಿ ಒಂದ ಹನಿ ಅಯೋಡಿನ್ ಬಿಡ್ರಿ, ಕಪ್ಪು ನೀಲಿ ಆದ್ರ ಪಿಷ್ಟ ಇನ್ನೂ ಐತಿ, ಕಾಲು ತಾಸು ಬಿಡ್ರಿ. ಆ ಚಮಚಾ ಚೆಲ್ಲಿಬಿಡ್ರಿ, ಪಾತ್ರಿಗೆ ವಾಪಸ್ ಹಾಕಬ್ಯಾಡ್ರಿ.

ಚೀಲ ಎತ್ತಿ ಮ್ಯಾಲ ಹಿಡದು ಬಸೀರಿ, ಹಿಂಡ್ರಿ. ಉಳದ ಕಾಳಿಗೆ ಇನ್ನೂ ಹಾಪ್ಸ್ ತಾಗಿರಂಗಿಲ್ಲ, ಹಂಗಾಗಿ ಅದು ಚಲೋ ಆಹಾರ, ಊರಾಗ ಆಗಿದ್ರ ಎಮ್ಮಿ ಕುಣದು ತಿಂತಿದ್ವು, ನಾವು ಅಲ್ಲಿ ಒಂದ ಮುಟಗಿ ಗೋಧಿ ಹಿಟ್ಟಿನ್ಯಾಗ ಕಲಸಿ ಚಪಾತಿ ಮಾಡ್ತಿದ್ವಿ, ಸ್ವಲ್ಪ ಖರಕ ಖರಕ ಅಂತೈತಿ, ರುಚಿ ಐತಿ.

ಈಗ ರಸ ಕುದಸ್ರಿ, ಪೂರ್ತಿ 60 ನಿಮಿಷ, ಮುಚ್ಚಳ ತೆರದು. ಮುಧೋಳ, ಗೋಕಾಕ ಕಡೆ ಬೆಲ್ಲದ ಗಾಣ ನೋಡಿದವ್ರಿಗೆ ಇದು ಹೊಸಾದಲ್ಲ, ಕಬ್ಬಿನ ಹಾಲು ಕುದಿಯೂಮುಂದ ಹ್ಯಾಂಗ ನೊರೆ ಏರಿ ಕಸ ಮ್ಯಾಲ ಬರ್ತೈತಿ, ಇದೂ ಹಂಗ ಉಕ್ಕತೈತಿ, ಮೊದಲಿನ ಹತ್ತು ನಿಮಿಷ ಪಾತ್ರಿ ಬಿಟ್ಟು ಕದಲಬ್ಯಾಡ್ರಿ. ಕುದಿ ಬಂದ ಕೂಡ್ಲೆ 15 ಗ್ರಾಂ ಹಾಪ್ಸ್, ಇದು ಕಹಿಗೆ. ಮುಗಿಯಾಕ 10 ನಿಮಿಷ ಇದ್ದಾಗ 10 ಗ್ರಾಂ. ಒಲಿ ಆರಿಸಿದ ಮ್ಯಾಲ ಉಳದ 15, ಇದು ವಾಸನಿಗೆ. ಹಾಪ್ಸಿನ ಕಹಿ ನೀರಾಗ ಕರಗಾಕ ಹೊತ್ತು ಕುದೀಬೇಕು, ಆದ್ರ ಅದರ ವಾಸನಿ ಕುದಿಯೊಳಗ ಹಾರಿ ಹೋಗ್ತೈತಿ, ಒಗ್ಗರಣಿ ಕಡೀಕ ಕೊಟ್ಟು ಕೊತ್ತಂಬ್ರಿ ಇನ್ನೂ ಕಡೀಕ ಹಾಕೂದು ಯಾಕ ಅಂದ್ರ ಅದಕ್ಕನ.

ಇಲ್ಲಿಂದ ಮುಂದ ಸ್ವಚ್ಛತಾ. ಕುದಿ ನಿಂತ ಮ್ಯಾಲ ಆ ರಸ ಮುಟ್ಟೂ ಪ್ರತಿಯೊಂದು, ಚಮಚಾ, ಥರ್ಮಾಮೀಟರ್, ಬಕೀಟು, ನಳ, ಈಸ್ಟ್ ಪಾಕೀಟು ಕತ್ತರಿಸೂ ಕತ್ತರಿ ಸುದ್ದಾ, ಸ್ಯಾನಿಟೈಜರ್ ನೀರಾಗ ಅದ್ದಿರಬೇಕು. ಸ್ಟಾರ್ ಸ್ಯಾನ್ ಅಂತ ಒಂದ ಸಿಗ್ತೈತಿ, ಲೀಟರಿಗೆ ಒಂದೂವರೆ ಮಿಲೀ, ಆಮ್ಯಾಲ ತೊಳಿಯೂ ಜರೂರತ್ತಿಲ್ಲ. ನಮ್ಮ ಎರಡನೇ ಬ್ಯಾಚ್ ಪೂರ್ತಿ ಹುಳಿ ಆತು. ಮಾಲ್ಟ್ ಅದ, ಈಸ್ಟ್ ಅದ, ಏನಾತು ಅಂತ ತಿಳೀವಲ್ದು. ಆ ವಾರ ಫೋನಿನ್ಯಾಗ ಅವ್ವನ ಮುಂದ ಹೇಳಿದೆ, ಬಿಯರ್ ಅಂತನ ಹೇಳಿದೆ, ಮುಚ್ಚಿಡಲಿಲ್ಲ. ಅಕಿ ಒಂದ ನಿಮಿಷ ಸುಮ್ನಿದ್ದು, "ತಮ್ಮಾ, ಪಾತ್ರಿ ಮ್ಯಾಲ ತೊಳದಿರ್ತಿ, ನಳದ ಒಳಗ ತೊಳದೀ ಏನು? ನಮ್ಮ ಮಜ್ಜಗಿ ಗಡಗಿ ಕೊಳ್ಳಾಗ ಜಿಡ್ಡು ಉಳದ್ರ ಮರುದಿನ ಮೊಸರು ಕೆಡ್ತೈತಿ" ಅಂದ್ಲು. ಬಕೀಟಿನ ನಳ ಬಿಚ್ಚಿ ನೋಡಿದ್ವಿ, ಒಳಗ ಹಿಂದಿನ ಬ್ಯಾಚಿನ ಕಂದು ಗಸಿ ಗಟ್ಟಿಯಾಗಿ ಕೂತಿತ್ತು. ಅವತ್ತಿನಿಂದ ಪ್ರತಿ ಸಲ ನಳ ಬಿಚ್ಚಿ ಬಿಸಿ ನೀರಾಗ ಹಾಕೂದು.

ಪಾತ್ರಿ ಒಂದ ದೊಡ್ಡ ತೊಟ್ಟಿ ಐಸ್ ನೀರಾಗ ಇಟ್ಟು ಅರ್ಧ ತಾಸಿನ್ಯಾಗ 20 ಡಿಗ್ರಿಗೆ ಇಳಸ್ರಿ. ಬಕೀಟಿಗೆ ಎತ್ತರದಿಂದ ಸುರೀರಿ, ಈಗ ಈಸ್ಟಿಗೆ ಆಮ್ಲಜನಕ ಬೇಕು. ಹೈಡ್ರೋಮೀಟರ್ ಹಾಕಿ ಓದಿ ಬರದಿಡ್ರಿ, 1.048 ಹತ್ರ ಬರಬೇಕು. ಈಸ್ಟ್ ಉದುರಿಸಿ, ಮುಚ್ಚಳ ಬಿಗಿದು, ಏರ್‌ಲಾಕಿನ್ಯಾಗ ನೀರು ಹಾಕಿ ಕತ್ತಲ ಮೂಲ್ಯಾಗ ಇಡ್ರಿ.

ಕಾಯೂ ಎರಡ ವಾರ

ಏಲ್ ಈಸ್ಟಿಗೆ 18-20 ಡಿಗ್ರಿ ಹಿತ. ಹುದುಗೂಮುಂದ ಈಸ್ಟ್ ತಾನ ಬಿಸಿ ಹುಟ್ಟಸ್ತೈತಿ, ಬಕೀಟಿನ ಒಳಗ ಕೋಣಿಗಿಂತ ಮೂರನಾಕ ಡಿಗ್ರಿ ಹೆಚ್ಚಿರಬಹುದು. 25 ದಾಟಿದ್ರ ಬಿಯರ್ ಒಳಗ ಪೇಂಟ್ ಥಿನ್ನರ್ ವಾಸನಿ, ಮರುದಿನ ತಲಿನೋವು. ಬ್ಯಾಸಗಿಯೊಳಗ ನಾವು ಮಾಡಿದ್ದು ನಮ್ಮ ರಂಜಣಗಿ ಲೆಕ್ಕ, ಬಕೀಟು ಒಂದ ಅಗಲ ಟಬ್ ನೀರಾಗ ಇಟ್ಟು, ಹಳೇ ಟಾವೆಲ್ ಒದ್ದಿ ಮಾಡಿ ಸುತ್ತಿ, ಟಾವೆಲಿನ ತುದಿ ನೀರಾಗ ಮುಳುಗಿಸಿ, ಫ್ಯಾನ್ ಹಚ್ಚಿದ್ವಿ. ನಾಕೈದು ಡಿಗ್ರಿ ಸಹಜ ಇಳೀತು.

ಒಂದ ದಿನದಾಗ ಏರ್‌ಲಾಕ್ ಗುಳುಗುಳು ಅನ್ನಾಕ ಹತ್ತತೈತಿ, ನಾಕ ದಿನಕ್ಕ ಸುಮ್ನ ಆಗ್ತೈತಿ. ಸುಮ್ನಾತು ಅಂದ್ರ ಮುಗೀತು ಅಂತಲ್ಲ, ಇಲ್ಲೇ ಹೊಸಬರು ಎಡವೂದು. ಈಸ್ಟ್ ಆಮ್ಯಾಲ ತಾನ ಬಿಟ್ಟ ಬೆಣ್ಣಿ ವಾಸನಿ, ಹಸರ ಸೇಬಿನ ವಾಸನಿ ಮತ್ತ ತಾನ ತಿಂದು ಸ್ವಚ್ಛ ಮಾಡ್ತೈತಿ, ಅದಕ್ಕ ಹೊತ್ತು ಕೊಡ್ರಿ. 12-14 ದಿನಕ್ಕ ಹೈಡ್ರೋಮೀಟರ್ ಹಾಕ್ರಿ, ಎರಡ ದಿನ ಬಿಟ್ಟು ಮತ್ತ ಹಾಕ್ರಿ, ಎರಡೂ ಸಲ ಅದ ಅಂಕಿ ಬಂದ್ರ ಮುಗೀತು. 1.011 ಸುಮಾರು ಬರಬೇಕು. ಮೊದಲಿನ ಅಂಕಿಯೊಳಗ ಈ ಅಂಕಿ ಕಳದು 131.25 ರಿಂದ ಗುಣಿಸಿದ್ರ ಆಲ್ಕೋಹಾಲ್ ಪರ್ಸೆಂಟ್, ಅಂದ್ರ 0.037 ಗುಣಿಲೆ 131.25, ಸುಮಾರು 4.9.

ಬಾಟ್ಲಿಗೆ ತುಂಬೂದು

ಲೀಟರಿಗೆ 6 ಗ್ರಾಂ ಸಕ್ರಿ, 10 ಲೀಟರಿಗೆ 60 ಗ್ರಾಂ, ತೂಕ ಮಾಡಿ ಹಾಕ್ರಿ, ಅಂದಾಜಿಲೆ ಬ್ಯಾಡ. ಒಂದ ಕಪ್ ನೀರಾಗ ಕುದಿಸಿ ಆರಿಸಿ ಸ್ವಚ್ಛ ಬಕೀಟಿನ ತಳಕ್ಕ ಹಾಕಿ, ಬಿಯರನ್ನ ನಳಿಗಿಯಿಂದ ಸಪ್ಪಳ ಇಲ್ಲದಂಗ ಅದರ ಮ್ಯಾಲ ಬಿಡ್ರಿ. ಈಗ ಗಾಳಿ ಸೇರಬಾರದು, ಸೇರಿದ್ರ ಒಂದ ತಿಂಗಳಿನ್ಯಾಗ ಒದ್ದಿ ರಟ್ಟಿನ ರುಚಿ. ದಪ್ಪ ಕಂದು ಬಾಟ್ಲಿ ತಗೋರಿ, ಬಿಳೀ ಬಾಟ್ಲಿಯೊಳಗ ಬಿಸಲು ಬಿದ್ರ ಹಾಪ್ಸ್ ಕೆಟ್ಟು ನಾರತೈತಿ. ಮ್ಯಾಲ ಎರಡಮೂರು ಸೆಂಟಿಮೀಟರ್ ಬಿಟ್ಟು ಬಿರಡಿ ಒತ್ತಿ, 20 ಡಿಗ್ರಿಯೊಳಗ ಎರಡ ವಾರ, ಆಮ್ಯಾಲ ಫ್ರಿಜ್.

ನಾವು ಒಮ್ಮೆ ಹೈಡ್ರೋಮೀಟರ್ ಒಂದ ಸಲ ಅಷ್ಟ ನೋಡಿ ತುಂಬಿದ್ವಿ. ರಾತ್ರಿ ಎರಡಕ್ಕ ಕಪಾಟಿನ್ಯಾಗ ಮೂರು ಬಾಟ್ಲಿ ಒಡದ್ವು, ಬಾಗಿಲಿನ ಕಟ್ಟಿಗಿಯೊಳಗ ಗಾಜು ನಟ್ಟಿತ್ತು. ಆ ಹೊತ್ತಿಗೆ ಯಾರರ ಕಪಾಟು ತಗದಿದ್ರ ಕಣ್ಣು ಹೋಗಿರ್ತಿತ್ತು. ಅದಕ್ಕ ಪ್ರತಿ ಬ್ಯಾಚಿನ್ಯಾಗ ಒಂದ ಸಣ್ಣ ಪ್ಲಾಸ್ಟಿಕ್ ಸೋಡಾ ಬಾಟ್ಲಿ ತುಂಬಿಡ್ರಿ, ಅದನ್ನ ಒತ್ತಿ ನೋಡಿದ್ರ ಗ್ಯಾಸ್ ಎಷ್ಟ ಏರೈತಿ ತಿಳೀತೈತಿ, ಕಲ್ಲಿನಂಗ ಆತು ಅಂದ್ರ ಎಲ್ಲಾ ಬಾಟ್ಲಿ ಅವತ್ತ ಫ್ರಿಜ್‌ಗೆ, ಮುಟ್ಟೂಮುಂದ ದಪ್ಪ ಟಾವೆಲ್ ಸುತ್ತಿ.

ಮನಿಯವ್ರು ಹೆದರೂದು ಕಳ್ಳಭಟ್ಟಿ ಸುದ್ದಿ ಕೇಳಿ. ಕಾಳು ಹುದುಗಿಸಿದ ಬಿಯರ್ ಒಳಗ ಮೆಥನಾಲ್ ಇಲ್ಲ ಅನ್ನೂವಷ್ಟ ಕಡಿಮಿ, ಮಂದಿ ಸತ್ತದ್ದು ಬಹುತೇಕ ಕಾರ್ಖಾನಿ ಮೆಥನಾಲ್ ಕಲಬೆರಕಿ ಮಾಡಿದ್ದಕ್ಕ. ಆದ್ರ ಹುದುಗಿಸಿದ್ದನ್ನ ಭಟ್ಟಿ ಇಳಿಸೂದು ಪೂರ್ತಿ ಬ್ಯಾರೆ ಕೆಲಸ, ಬೆಂಕಿ ಅಪಾಯ ಐತಿ, ಇಂಗ್ಲೆಂಡ್, ಅಮೆರಿಕಾದಾಗೂ ಮನ್ಯಾಗ ಅದಕ್ಕ ಪರವಾನಗಿ ಇಲ್ಲ. ಅದರ ಹತ್ರ ಹೋಗಬ್ಯಾಡ್ರಿ.

ಊರಾಗ ಇರೂವ್ರಿಗೆ ಹಾಪ್ಸ್ ಸೋಡಾ

ಇದರಾಗ ಈಸ್ಟ್ ಇಲ್ಲ, ಸಕ್ರಿ ಬೇಕಿಲ್ಲ, ಮದ್ಯ ಸೊನ್ನಿ. ಹಾಪ್ಸ್ ಪೆಲೆಟ್ (ಹಾಪ್ಸ್ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗಿ) ಆನ್‌ಲೈನ್ ತರಿಸಿ ಫ್ರೀಜರಿನ್ಯಾಗ ಇಡ್ರಿ. ಒಂದ ಲೀಟರ್ ನೀರು ಕುದಿಸಿ, 75-80 ಡಿಗ್ರಿಗೆ ಆರಿಸಿ, ಅರ್ಧ ನಿಂಬಿಹಣ್ಣು ಹಿಂಡಿ 3 ಗ್ರಾಂ ಹಾಪ್ಸ್ ಹಾಕ್ರಿ. ಕುದಿಯೂ ನೀರಿಗೆ ಹಾಕಿದ್ರ ಬರೇ ಕಹಿ ಬರ್ತೈತಿ, ನಿಂಬಿ ಹುಳಿ ಆ ಕಹಿ ಒರಟು ಆಗದಂಗ ತಡೀತೈತಿ. ಕಾಲು ತಾಸು ಬಿಟ್ಟು ಎರಡ ಮಡಕಿ ತೆಳು ಅರಬಿಯೊಳಗ ಸೋಸಿ, ಒಂದ ರಾತ್ರಿ ಫ್ರಿಜ್‌ನ್ಯಾಗ ಇಡ್ರಿ, ತಳಕ್ಕ ಹಸರ ಗಸಿ ಕೂಡತೈತಿ, ಅದನ್ನ ಅಲುಗಿಸಬ್ಯಾಡ್ರಿ. ಗ್ಲಾಸಿಗೆ ಅರ್ಧ ಇದು, ಅರ್ಧ ತಂಪು ಸೋಡಾ. ನಮ್ಮ ಮಾಳಗಿ ಮ್ಯಾಲ ಏಪ್ರಿಲ್ ಸಂಜಿಗೆ ಇದನ್ನ ಒಂದ ಜಗ್ ಮಾಡಿಡ್ತೀವಿ, ಅವ್ವನೂ ಕುಡೀತಾಳ, ಅಕಿಗೆ ಅದರಾಗ ಒಂದ ಚಿಟಿಕಿ ಉಪ್ಪು ಬೇಕು. ಇಂಡಿ ನಿಂಬಿ ಸಿಕ್ರ ಅರ್ಧ ಬ್ಯಾಡ, ಕಾಲು ಹಿಂಡ್ರಿ, ಅದರ ಹುಳಿ ಜೋರು.